ಬರಗಾಲದ ಮಕ್ಕಳು: ಕೋಲಾರ ಸೀಮೆಯ ಮಿಷನ್ನಿನ ಕಥೆ

ಬಂಗಾರಪೇಟೆ, ಕ್ಯಾಸಂಬಳ್ಳಿ, ಚಿನ್ನದ ಗಣಿ ಎಂದೊಡನೆ ನಮ್ಮ ಮನಸ್ಸು ನೆಲದೊಳಗಣ ಸಂಪತ್ತಿನ ಕಡೆಗೇ ಹರಿಯುತ್ತದೆ. ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಗಣಿಕೆಲಸಕ್ಕೆ ಕೈಯಿಟ್ಟದ್ದು 1880ರಲ್ಲಿ. ಅದಕ್ಕೆ ಮೂರು ನಾಲ್ಕು ವರ್ಷ ಮೊದಲು ಇದೇ ಸೀಮೆಯ ನೆಲದ ಮೇಲೆ ನಡೆದುದನ್ನು ನೆನೆಯುವವರು ವಿರಳ.

ಧಾತು ಈಶ್ವರ ಸಂವತ್ಸರಗಳ ಬರದ ಮಾತನ್ನು ಹೇಳುತ್ತಿದ್ದೇವೆ. ಕೆರೆಯ ನೀರನ್ನೂ ಮಳೆಯ ರಾಗಿಯನ್ನೂ ನಂಬಿ ಬಾಳುವ ಈ ಬಯಲುಸೀಮೆಗೆ 1876ರಿಂದ 1878ರವರೆಗೆ ಒದಗಿದ ಗತಿ ಘೋರವಾದದ್ದು. 1871ರ ಖಾನೇಷುಮಾರಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷವನ್ನು ಮೀರಿತ್ತು. 1881ರಲ್ಲಿ ಅದು 42 ಲಕ್ಷಕ್ಕೂ ಕಡಮೆಯಾಯಿತು. ತಂದೆತಾಯಿಗಳನ್ನು ನೀಗಿಕೊಂಡ ಮಕ್ಕಳನ್ನು ಕೋಲಾರದಲ್ಲಿ ಕೂಡಿಸಿ ಸಲಹಿದವರು ಮಿಸ್ ಆನ್‌ಸ್ಟೇ ಎಂಬ ಆಂಗ್ಲ ಮಹಿಳೆ. ಅವರ ಅನಾಥಾಲಯವು 1890ರಲ್ಲಿ ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಮಿಷನ್ನಿನ ಕೈಸೇರಿತು.

ಹಸಿದ ಮಗುವಿಗೆ ಅನ್ನವನ್ನೂ ಮತವನ್ನೂ ಒಂದೇ ಕೈಯಿಂದ ನೀಡುವುದು ಸರಿಯೆ? ಮಗುವಿಗೆ ಆರಿಸಿಕೊಳ್ಳುವ ಶಕ್ತಿಯಿರಲಿಲ್ಲ. ಆದಕಾರಣ ಈ ಆಕ್ಷೇಪಣೆಯನ್ನು ತಳ್ಳಿಹಾಕಕೂಡದೆಂದೇ ನಮ್ಮ ಮತ. ಆದರೆ ಬಂಧುಬಳಗವೆಲ್ಲ ಚದುರಿ ಅಳಿದ ಕಾಲದಲ್ಲಿ ಆ ಮಗುವಿಗೆ ಬೇರೆ ಆಸರೆ ಎಷ್ಟಿತ್ತೆಂಬುದನ್ನೂ ಕೇಳಿಕೊಳ್ಳಬೇಕಾಗುತ್ತದೆ. ಕೇಳಿಕೊಂಡರೆ, ದೂರುವ ನಾಲಗೆ ತುಸು ತಡವರಿಸುತ್ತದೆ.

ಶಾಲೆಗಳ ವಿಷಯವನ್ನು ಇಲ್ಲಿ ಬೆಳೆಸುವುದಿಲ್ಲ. ಆಸ್ಪತ್ರೆಯ ಮಾತು ಹಾಗಲ್ಲ. 1910ರಲ್ಲಿ ಮೆಥೊಡಿಸ್ಟರು ಕೋಲಾರದಲ್ಲಿ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯನ್ನು ಸ್ಥಾಪಿಸಿದರು. ಲಕ್ನೋದಲ್ಲಿ ಹೆಂಗಸರ ಕಾಲೇಜನ್ನು ಕಟ್ಟಿದ ಇಸಬೆಲ್ಲಾ ಥೋಬರ್ನ್ ಅವರ ಸಹೋದರಿಯ ಹೆಸರು ಅದು. ಪರಪುರುಷನಾದ ವೈದ್ಯನೆದುರು ಬಾಯಿಬಿಡಲೊಲ್ಲದ ಹೆಣ್ಣುಮಕ್ಕಳು ಮನೆಯ ಕತ್ತಲೆಕೋಣೆಯಲ್ಲಿಯೇ ಹೆತ್ತು ಸಾಯುತ್ತಿದ್ದ ಕಾಲವದು. ಅನ್ಯರ ಮೈಯನ್ನು ಮುಟ್ಟಿ ಶುಶ್ರೂಷೆ ಮಾಡುವುದು ಹೀನವೃತ್ತಿಯೆಂದು ಕುಲೀನರ ಮನೆಗಳವರು ಹಿಂಜರಿಯುತ್ತಿದ್ದಾಗ ನಮ್ಮ ದೇಶದಲ್ಲಿ ದಾದಿಯ ಕೆಲಸಕ್ಕೆ ಮುಂದೆ ಬಂದವರು ಬಹುಮಟ್ಟಿಗೆ ಕ್ರೈಸ್ತ ಹೆಣ್ಣುಮಕ್ಕಳು. ಅವರ ಆರೈಕೆಯಲ್ಲಿ ಗುಣಹೊಂದಿದವರಾದರೋ ಎಲ್ಲ ಮತಗಳವರೂ ಉಂಟು. ಮಿಷನ್ನಿನ ಫಲವನ್ನು ದೀಕ್ಷಾಸ್ನಾನದ ದಫ್ತರದಿಂದ ಮಾತ್ರವೇ ಎಣಿಸುವವರು, ಅವರು ಸ್ತುತಿಸುವವರಾಗಲಿ ನಿಂದಿಸುವವರಾಗಲಿ, ಈ ಲೆಕ್ಕವನ್ನು ಬಿಟ್ಟುಬಿಡುತ್ತಾರೆ.

2001ರಲ್ಲಿ ಚಿನ್ನದ ಗಣಿ ಮುಚ್ಚಿತು. ಆಸ್ಪತ್ರೆಯ ಹೆಸರಿನ್ನೂ ಬಳಕೆಯಲ್ಲಿದೆ. ಬೌರಿಂಗ್ ಸಾಹೇಬರ ಪೇಟೆ ಬಂಗಾರಪೇಟೆಯಾದ ಹಾಗೆ, ಆ ಉದ್ದನೆಯ ಪರದೇಶದ ಹೆಸರು ಜನರ ಬಾಯಲ್ಲಿ ಇ.ಟಿ.ಸಿ.ಎಂ. ಎಂದಷ್ಟೇ ಉಳಿದಿದೆ.