ಭತ್ತ ಕುಚ್ಚುವ ನೀರಿನ ಹದ

ಭತ್ತ ಕುಚ್ಚುವ ನೀರಿನ ಹದ ಎಂದರೆ ಕುಚ್ಚಲಕ್ಕಿಗಾಗಿ ಭತ್ತವನ್ನು ನೆನೆಸುವ ನೀರು ಎಷ್ಟು ಬಿಸಿಯಾಗಿರಬೇಕು ಎಂಬುದು ಮತ್ತು ಅದನ್ನು ಉಷ್ಣತಾಮಾಪಕದ ನೆರವಿಲ್ಲದೆ ಅಂದಾಜು ಮಾಡುವ ಕ್ರಮ. ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳಲ್ಲಿ ಗಂಜಿಗೂ ದಿನದ ಊಟಕ್ಕೂ ಕುಚ್ಚಲಕ್ಕಿ ಬಳಕೆಯಲ್ಲಿದೆ. ಯಂತ್ರದ ಗಿರಣಿಗಳು ಬರುವ ಮೊದಲು ಈ ಅಕ್ಕಿಯನ್ನು ಕೃಷಿಕರ ಮನೆಗಳಲ್ಲಿಯೇ ತಯಾರಿಸಲಾಗುತ್ತಿತ್ತು. ನೆನೆಯುವ ಭತ್ತದ ಉಷ್ಣತೆ 65ರಿಂದ 70 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದರೆ ಅಕ್ಕಿ ಚೆನ್ನಾಗಿ ಬರುತ್ತದೆ. ಆದರೆ ಈ ಮಟ್ಟವು ಕೈಯಿಂದ ಮುಟ್ಟಿ ತಿಳಿಯುವುದಕ್ಕಿಂತ ಮೇಲೆ, ಕಣ್ಣಿಗೆ ಕಾಣುವ ಕುದಿತಕ್ಕಿಂತ ಕೆಳಗೆ ಇರುವುದರಿಂದ ಇದರ ಅಂದಾಜು ಸುಲಭವಲ್ಲ.

ಹೆಸರು

ಕನ್ನಡದಲ್ಲಿ ‘ಕುಚ್ಚು’ ಎಂಬ ಕ್ರಿಯಾಪದಕ್ಕೆ ಬೇಯಿಸು ಎಂಬ ಅರ್ಥವಿದೆ. ಬೇಯಿಸಿದ ಭತ್ತದಿಂದ ಪಡೆದ ಅಕ್ಕಿ ಕುಚ್ಚಲಕ್ಕಿ ಅಥವಾ ಕುಚ್ಚಿಗೆ ಅಕ್ಕಿ. ಬೇಯಿಸದೆ ಒಣಗಿಸಿ ಮಿಲ್ ಮಾಡಿದ್ದು ಬೆಳ್ತಿಗೆ ಅಕ್ಕಿ. ಕೆಂಪು ಅಕ್ಕಿಯೆಲ್ಲವೂ ಕುಚ್ಚಲಕ್ಕಿ ಎಂದು ಭಾವಿಸುವುದು ಸರಿಯಲ್ಲ. ಕೆಂಪು ಬಣ್ಣವು ತಳಿಯ ಗುಣ, ಕುಚ್ಚುವುದು ಸಂಸ್ಕರಣೆಯ ವಿಧಾನ.

ಮನೆಯ ಕ್ರಮ

ಮನೆಯಲ್ಲಿ ಕುಚ್ಚುವ ಕೆಲಸ ಸಾಮಾನ್ಯವಾಗಿ ಸಂಜೆ ಆರಂಭವಾಗಿ ಮರುದಿನಕ್ಕೆ ಮುಂದುವರಿಯುತ್ತದೆ. ದೊಡ್ಡ ಹಂಡೆಯಲ್ಲಿ ನೀರು ಕಾಯಿಸಿ ಭತ್ತ ಸುರಿಯುತ್ತಾರೆ. ತೇಲುವ ಜೊಳ್ಳನ್ನು ತೆಗೆದು, ಹಂಡೆಯ ಬಾಯಿ ಮುಚ್ಚಿ ರಾತ್ರಿಯಿಡೀ ಬಿಡುತ್ತಾರೆ. ಬೆಳಿಗ್ಗೆ ಆ ನೀರನ್ನು ಬಸಿದು, ಸ್ವಲ್ಪ ಹೊಸ ನೀರಿನಲ್ಲಿ ಸಿಪ್ಪೆ ಬಿರಿಯುವವರೆಗೆ ಬೇಯಿಸಿ, ಅಂಗಳದಲ್ಲಿ ಹರಡಿ ಒಣಗಿಸುತ್ತಾರೆ. ಎರಡನೆಯ ಬೇಯಿಸುವಿಕೆಯಲ್ಲಿ ತಪ್ಪುವುದು ಕಡಿಮೆ, ಏಕೆಂದರೆ ಬಿರಿದ ಸಿಪ್ಪೆ ಕಣ್ಣಿಗೆ ಕಾಣುತ್ತದೆ. ಅಕ್ಕಿ ಕೆಡುವುದು ಹೆಚ್ಚಾಗಿ ಮೊದಲ ರಾತ್ರಿಯ ನೆನೆಯುವಿಕೆಯಲ್ಲಿ. ಅದರ ಫಲ ಗೊತ್ತಾಗುವುದು ಮಾತ್ರ ಮಿಲ್ ಮಾಡಿದ ಮೇಲೆ, ಕೆಲವೊಮ್ಮೆ ಅನ್ನ ಬೆಂದ ಮೇಲೆ. ಆ ಹೊತ್ತಿಗೆ ಒಂದು ಹಂಡೆ ಭತ್ತವನ್ನು ಸರಿಪಡಿಸುವ ದಾರಿ ಉಳಿದಿರುವುದಿಲ್ಲ.

ಉಷ್ಣತೆಯ ಪರಿಣಾಮ

ಕಾಳಿನ ಒಳಗಿನ ಪಿಷ್ಟವು ನೀರು ಹೀರಿ ಮೆದುವಾಗಿ ಅಂಟಿನಂತಾಗುವುದು ತಳಿಯನ್ನು ಅನುಸರಿಸಿ ಸುಮಾರು 55ರಿಂದ 79 ಡಿಗ್ರಿಗಳ ನಡುವೆ. ನೆನೆಸುವಾಗ ನೀರು ಕಾಳಿನ ನಡುವಿನವರೆಗೆ ಇಳಿಯಬೇಕು, ಆದರೆ ಸಿಪ್ಪೆ ಒಡೆಯಬಾರದು. ನೀರು 75 ಡಿಗ್ರಿಗಿಂತ ಹೆಚ್ಚು ಬಿಸಿಯಿದ್ದು ಬಹಳ ಹೊತ್ತು ಹಾಗೆಯೇ ಉಳಿದರೆ ಪಿಷ್ಟವು ಊದಿ ಸಿಪ್ಪೆ ಬಿರಿಯುತ್ತದೆ, ಗಂಜಿಯ ಅಂಶ ನೀರಿಗೆ ಸೋರುತ್ತದೆ, ಕಾಳಿನ ಆಕಾರ ಕೆಡುತ್ತದೆ. ಅಕ್ಕಿಯ ಬಣ್ಣವೂ ಗಾಢವಾಗುತ್ತದೆ.

ನೀರು ತಣ್ಣಗಿದ್ದರೆ ಆಗುವ ತೊಂದರೆ ಬೇರೆ ಬಗೆಯದು. ತಣ್ಣೀರಿನಲ್ಲಿ ಭತ್ತ ಪೂರ್ಣವಾಗಿ ನೆನೆಯಲು ಒಂದರಿಂದ ಮೂರು ದಿನ ಬೇಕು. ಸುಮಾರು 70 ಡಿಗ್ರಿಯಲ್ಲಿ ಮೂರು ನಾಲ್ಕು ಗಂಟೆ ಸಾಕು. ಹಂಡೆಯ ನೀರು ಕೇವಲ ಉಗುರುಬೆಚ್ಚಗಿದ್ದರೆ ಅದು ರಾತ್ರಿಯಿಡೀ 30ರಿಂದ 45 ಡಿಗ್ರಿಗಳ ನಡುವೆ ನಿಲ್ಲುತ್ತದೆ. ಇದು ಸೂಕ್ಷ್ಮಜೀವಿಗಳು ಬೆಳೆಯಲು ಅತ್ಯಂತ ಅನುಕೂಲವಾದ ಉಷ್ಣತೆ. ಅಂತಹ ಭತ್ತ ಹುಳಿತು ವಾಸನೆ ಹಿಡಿಯುತ್ತದೆ ಮತ್ತು ಆ ವಾಸನೆ ಅನ್ನದವರೆಗೂ ಉಳಿಯುತ್ತದೆ. ಕುಚ್ಚಲಕ್ಕಿಗೆ ಕೆಟ್ಟ ವಾಸನೆಯಿದೆ ಎಂದು ದೂರುವವರು ಬಹುಶಃ ಹೀಗೆ ನೆನೆಸಿದ ಅಕ್ಕಿಯನ್ನೇ ಉಂಡಿರುತ್ತಾರೆ. ನೀರು ನಡುವಿನವರೆಗೆ ಇಳಿಯದ ಕಾಳಿನ ಒಳಗೆ ಬೆಂದ ಮೇಲೂ ಬಿಳಿ ಚುಕ್ಕೆ ಉಳಿಯುತ್ತದೆ. ಅಂತಹ ಕಾಳು ಆ ಭಾಗದಲ್ಲಿ ದುರ್ಬಲವಾಗಿದ್ದು ಗಿರಣಿಯಲ್ಲಿ ಸುಲಭವಾಗಿ ನುಚ್ಚಾಗುತ್ತದೆ.

ಹಂಡೆಯ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ದೊಡ್ಡ ಹಂಡೆ ನಿಧಾನವಾಗಿ ತಣಿಯುತ್ತದೆ, ಸಣ್ಣ ಪಾತ್ರೆ ಬೇಗ ತಣಿಯುತ್ತದೆ. ಆದ್ದರಿಂದ ಎರಡು ಸೇರು ಭತ್ತವನ್ನು ಪ್ರಯೋಗಕ್ಕೆಂದು ಪಾತ್ರೆಯಲ್ಲಿ ಕುಚ್ಚಿ ನೋಡಿದ ಅನುಭವವನ್ನು ನೇರವಾಗಿ ಹಂಡೆಗೆ ಅನ್ವಯಿಸಲು ಬರುವುದಿಲ್ಲ.

ಅಂದಾಜಿನ ಗುರುತುಗಳು

ನೀರು ಕಾಯುವಾಗ ಮೊದಲು ತಳದಲ್ಲಿ ಮತ್ತು ಪಾತ್ರೆಯ ಬದಿಗಳಲ್ಲಿ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಇವು ಹಬೆಯಲ್ಲ, ನೀರಿನಲ್ಲಿ ಕರಗಿದ್ದ ಗಾಳಿ. ಕುದಿಗೆ ಸಮೀಪಿಸಿದಂತೆ ತಳದಲ್ಲಿ ಹುಟ್ಟಿದ ಹಬೆಯ ಗುಳ್ಳೆಗಳು ಮೇಲಿನ ತಂಪು ನೀರಿನಲ್ಲಿ ಕುಸಿದು ಸದ್ದು ಮಾಡುತ್ತವೆ. ಪೂರ್ಣ ಕುದಿಯಲ್ಲಿ ಗುಳ್ಳೆಗಳು ಮೇಲ್ಮೈಯವರೆಗೆ ತಲುಪುವುದರಿಂದ ಆ ಸದ್ದು ತಗ್ಗುತ್ತದೆ. ಹೀಗಾಗಿ ಹಂಡೆ ಜೋರಾಗಿ ಸದ್ದು ಮಾಡುವ ಹೊತ್ತಿಗೆ ನೀರು ಭತ್ತಕ್ಕೆ ಬೇಕಾದುದಕ್ಕಿಂತ ಬಿಸಿಯಾಗಿರುತ್ತದೆ, ಆದರೆ ಇನ್ನೂ ಕುದಿದಿರುವುದಿಲ್ಲ.

ಹಬೆಯನ್ನು ನೋಡಿ ನಿರ್ಧರಿಸುವುದು ಕರಾವಳಿಯಲ್ಲಿ ವಿಶ್ವಾಸಾರ್ಹವಲ್ಲ. ಮಳೆಗಾಲದ ತೇವದ ಗಾಳಿಯಲ್ಲಿ ಹಬೆ ಬೇಗ ಕಾಣಿಸಿಕೊಳ್ಳುತ್ತದೆ, ಬೇಸಿಗೆಯ ಮಧ್ಯಾಹ್ನ ಅಷ್ಟೇ ಬಿಸಿನೀರಿನ ಮೇಲೆ ಏನೂ ಕಾಣದಿರಬಹುದು. ಕೈ ಅದ್ದಿ ನೋಡುವುದು ಅಪಾಯಕರ ಹಾಗೂ ನಿಷ್ಪ್ರಯೋಜಕ. ಚರ್ಮಕ್ಕೆ ನೋವು ಆರಂಭವಾಗುವುದು ಸುಮಾರು 45 ಡಿಗ್ರಿಯಲ್ಲಿ, 60 ಡಿಗ್ರಿಯ ನೀರು ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ. ಕೈ ಸಹಿಸುವ ನೀರು ಭತ್ತ ನೆನೆಸಲು ಸಾಲದು ಎಂಬುದಷ್ಟೇ ಅದರಿಂದ ತಿಳಿಯುತ್ತದೆ.

ಎಲ್ಲಕ್ಕಿಂತ ಖಚಿತವಾದ ಉಪಾಯ ಬೆರೆಸುವುದು. ಸಮುದ್ರ ಮಟ್ಟಕ್ಕೆ ಸಮೀಪವಿರುವ ಈ ಸೀಮೆಯಲ್ಲಿ ನೀರು ಕುದಿಯುವುದು ಸುಮಾರು 100 ಡಿಗ್ರಿಯಲ್ಲಿ. ಬಾವಿಯ ನೀರು 28 ಡಿಗ್ರಿಯಷ್ಟಿದ್ದರೆ ನಾಲ್ಕು ಕೊಡಪಾನ ಕುದಿನೀರಿಗೆ ಒಂದು ಕೊಡಪಾನ ಬಾವಿ ನೀರು ಸೇರಿಸಿದಾಗ ಸುಮಾರು 85 ಡಿಗ್ರಿಯ ನೀರು ದೊರೆಯುತ್ತದೆ. ತಣ್ಣನೆಯ ಭತ್ತ ಸುರಿದಾಗ ಅದು ಮತ್ತಷ್ಟು ಇಳಿಯುತ್ತದೆ. ಭತ್ತದ ತೂಕದ ಒಂದೂಕಾಲು ಪಟ್ಟು ನೀರಿದ್ದರೆ ಒಟ್ಟು ಉಷ್ಣತೆ 70 ಡಿಗ್ರಿಯ ಸಮೀಪ ನಿಲ್ಲುತ್ತದೆ. ಹಂಡೆಯೂ ಸ್ವಲ್ಪ ಶಾಖ ಹೀರುವುದರಿಂದ ಬೆರೆಸುವುದನ್ನು ಬಿಸಿ ಹಂಡೆಯಲ್ಲಿಯೇ ಮಾಡುವುದು ಮೇಲು. ಭತ್ತ ಸುರಿದ ಮೇಲೆ ಬೆಂಕಿ ಉರಿಯುತ್ತಿರಬಾರದು, ಉರಿದರೆ ತಳದ ಭತ್ತ ಬೇಯುತ್ತದೆ, ಮೇಲಿನದು ನೆನೆಯುವುದೇ ಇಲ್ಲ.

ಸಂಶೋಧನೆ ಮತ್ತು ಗಿರಣಿಗಳು

ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯು ಬಿಸಿನೀರಿನಲ್ಲಿ ನೆನೆಸುವ ವಿಧಾನವನ್ನು ಗಿರಣಿಗಳಿಗೆ ಹೊಂದುವಂತೆ ರೂಪಿಸಿತು. ತೊಟ್ಟಿಯ ನೀರನ್ನು 85 ಡಿಗ್ರಿಯವರೆಗೆ ಕಾಯಿಸಿ, ಭತ್ತ ಸುರಿದಾಗ ಅದು 70 ಡಿಗ್ರಿಗೆ ಇಳಿಯುವಂತೆ ಮಾಡಿ, ಮೂರರಿಂದ ಮೂರೂವರೆ ಗಂಟೆ ನೆನೆಸಿ, ಅನಂತರ ಹಬೆ ಕೊಡುವುದು ಇದರ ಸಾರ. ಒಣಗಿಸುವಾಗ ಭತ್ತದ ತೇವಾಂಶ ಶೇ. 16ಕ್ಕಿಂತ ಕೆಳಗೆ ವೇಗವಾಗಿ ಇಳಿದರೆ ಕಾಳು ಸೀಳುತ್ತದೆ ಎಂಬುದನ್ನೂ ಈ ಸಂಸ್ಥೆಯ ಅಧ್ಯಯನಗಳು ತೋರಿಸಿದವು. ಬಿಸಿಲಲ್ಲಿ ಒಂದೇ ಬಾರಿ ಒಣಗಿಸದೆ ನಡುವೆ ರಾಶಿ ಹಾಕಿ ಕೆಲವು ಗಂಟೆ ಬಿಡುವುದರ ಪ್ರಯೋಜನ ಇದೇ.

ಈಗ ಈ ಸೀಮೆಯ ಕುಚ್ಚಲಕ್ಕಿಯ ಬಹುಪಾಲು ಗಿರಣಿಗಳಲ್ಲಿಯೇ ತಯಾರಾಗುತ್ತದೆ. ಇಲ್ಲಿ ವ್ಯಾಪಕವಾಗಿ ಬೆಳೆಯುವ ಎಂಒ-4 ಕೇರಳದ ಮಂಕೊಂಬಿನಿಂದ ಬಂದ ಕೆಂಪು ಅಕ್ಕಿಯ ತಳಿ. ತಳಿ ಬದಲಾದಾಗ ಪಿಷ್ಟ ಬೇಯುವ ಉಷ್ಣತೆಯೂ ಬದಲಾಗಬಹುದಾದ್ದರಿಂದ ಹಳೆಯ ತಳಿಯಿಂದ ಕಲಿತ ಹದವನ್ನು ಹೊಸ ತಳಿಗೆ ಹೊಂದಿಸಿಕೊಳ್ಳಬೇಕಾಗುತ್ತದೆ.

ಪೌಷ್ಟಿಕತೆ

ಕುಚ್ಚುವಾಗ ತವುಡಿನಲ್ಲಿರುವ ಥಯಾಮಿನ್, ಅಂದರೆ ಬಿ1 ಜೀವಸತ್ವ, ನೀರಿನೊಡನೆ ಕಾಳಿನ ಒಳಭಾಗಕ್ಕೆ ಸರಿಯುತ್ತದೆ. ಆದ್ದರಿಂದ ಪಾಲಿಶ್ ಮಾಡಿದ ಮೇಲೂ ಅದರ ಹೆಚ್ಚಿನ ಅಂಶ ಉಳಿಯುತ್ತದೆ. ಇದರ ಮಹತ್ವ ತಿಳಿದದ್ದು ಬೆರಿಬೆರಿ ರೋಗದ ಅಧ್ಯಯನದಿಂದ. ವಿಲಿಯಂ ಫ್ಲೆಚರ್ ಎಂಬ ವೈದ್ಯರು ಕೌಲಾಲಂಪುರದ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ನಡೆಸಿ 1907ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಿಳಿ ಅಕ್ಕಿ ಉಂಡವರಲ್ಲಿ ರೋಗ ಹರಡಿತು, ಭಾರತದ ಮಾದರಿಯ ಕುಚ್ಚಲಕ್ಕಿ ಉಂಡವರು ಅದರಿಂದ ಪಾರಾದರು.

ಹೋಲಿಕೆ

ಕುದಿಗಿಂತ ಕೆಳಗಿನ ಬಿಸಿಯನ್ನು ಅಂದಾಜಿಸುವ ಸಮಸ್ಯೆ ಚಹಾ ತಯಾರಿಕೆಯಲ್ಲಿಯೂ ಇದೆ. ಜಪಾನಿನ ಸೆಂಚಾ ಎಂಬ ಹಸಿರು ಚಹಾಕ್ಕೆ 70ರಿಂದ 80 ಡಿಗ್ರಿಯ, ಗ್ಯೊಕುರೊಗೆ 50ರಿಂದ 60 ಡಿಗ್ರಿಯ ನೀರು ಬೇಕು. ಇದಕ್ಕಿಂತ ಬಿಸಿಯಾದರೆ ಒಗರು ಹೆಚ್ಚುತ್ತದೆ. ಅಲ್ಲಿ ಕುದಿನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿದು ತಣಿಸುತ್ತಾರೆ, ಪ್ರತಿ ಬಾರಿ ಸುಮಾರು 10 ಡಿಗ್ರಿ ಇಳಿಯುತ್ತದೆ ಎಂಬುದು ಲೆಕ್ಕ. ಚೀನಾದಲ್ಲಿ 8ನೆಯ ಶತಮಾನದ ಲು ಯು ತನ್ನ ಚಹಾ ಗ್ರಂಥದಲ್ಲಿ ಗುಳ್ಳೆಗಳನ್ನು ಮೀನಿನ ಕಣ್ಣಿಗೂ ಮುತ್ತಿನ ಸಾಲಿಗೂ ಹೋಲಿಸಿ ಕುದಿಯ ಹಂತಗಳನ್ನು ಗುರುತಿಸಿದ್ದಾನೆ. ಬಟ್ಟಲು ಚಹಾ ಕೆಟ್ಟರೆ ಚೆಲ್ಲಿ ಮತ್ತೊಮ್ಮೆ ಮಾಡಬಹುದು. ಹಂಡೆಯಲ್ಲಿರುವುದು ತಿಂಗಳ ಊಟದ ಭತ್ತವಾದ್ದರಿಂದ ಇಲ್ಲಿ ಆ ಅವಕಾಶವಿಲ್ಲ.