ರಾಕ್ಷಸತ್ವದ ಮೂಲ

ತರೀಕೆರೆಗೆ ಸಮೀಪವಿರುವ ಅಮೃತಾಪುರದ ಅಮೃತೇಶ್ವರ ದೇವಾಲಯವು 1196ರಲ್ಲಿ, ಹೊಯ್ಸಳ ಇಮ್ಮಡಿ ಬಲ್ಲಾಳನ ಕಾಲದಲ್ಲಿ ನಿರ್ಮಾಣವಾಯಿತು. ಅದರ ಮಂಟಪದ ಹೊರಗೋಡೆಯಲ್ಲಿ ರಾಮಾಯಣದ ಕಥೆಯನ್ನು ಸಾಲುಸಾಲಾಗಿ ಕಂಡರಿಸಲಾಗಿದೆ. ಅದೇ ಶೈವಾಲಯದ ಶಾಸನದ ಪದ್ಯಗಳನ್ನು ರಚಿಸಿದವನು ಜೈನಕವಿ ಜನ್ನ. ರಾವಣನ ಕಥೆಯೂ ಜೈನಕವಿಯ ವಾಣಿಯೂ ಒಂದೆಡೆ ನಿಂತಿರುವ ಈ ಸ್ಥಳವು ರಾಕ್ಷಸರೆಂದರೆ ಯಾರು ಎಂಬ ಜಿಜ್ಞಾಸೆಗೆ ತಕ್ಕ ನೆಲೆಯಾಗಿದೆ.

ಈ ಬಗ್ಗೆ ಪ್ರಾಚೀನರಲ್ಲಿ ಏಕಾಭಿಪ್ರಾಯವಿರಲಿಲ್ಲ. ಋಗ್ವೇದದಲ್ಲಿ ‘ಅಸುರ’ ಎಂಬುದು ವರುಣನಂಥ ದೇವತೆಗಳಿಗೂ ಸಲ್ಲುವ ಗೌರವದ ಮಾತು. ಕಾಲಾಂತರದಲ್ಲಿ ಅದು ದೇವಶತ್ರುಗಳ ಹೆಸರಾಯಿತು. ಇರಾನಿನ ಜರತುಷ್ಟ್ರನ ಮತದಲ್ಲಿ ಇದಕ್ಕೆ ವಿಪರೀತವಾಗಿ ‘ಅಹುರ’ನೇ ಪರಮದೈವ, ‘ದಏವ’ರು ದುಷ್ಟರು. ವಾಲ್ಮೀಕಿ ರಾಮಾಯಣದ ಉತ್ತರಕಾಂಡವು ನೀರನ್ನು ರಕ್ಷಿಸುವೆವೆಂದು ಒಪ್ಪಿದವರೇ ರಾಕ್ಷಸರಾದರೆಂದು ಹೇಳುತ್ತದೆ. ಒಬ್ಬರಿಗೆ ವಂದ್ಯವಾದ ಹೆಸರೇ ಮತ್ತೊಬ್ಬರಿಗೆ ನಿಂದ್ಯವಾಯಿತೆಂಬುದು ಇಲ್ಲಿ ಗಮನಾರ್ಹ.

ಜೈನಾಗಮದ ನಿಲುವು ಬೇರೆ. ‘ತತ್ತ್ವಾರ್ಥಸೂತ್ರ’ದ ಪ್ರಕಾರ ದೇವರಲ್ಲಿ ನಾಲ್ಕು ನಿಕಾಯಗಳಿವೆ. ಅಸುರಕುಮಾರರು ಭವನವಾಸಿಗಳಲ್ಲಿ ಸೇರಿದರೆ, ರಾಕ್ಷಸ, ಭೂತ, ಪಿಶಾಚರು ಯಕ್ಷ, ಗಂಧರ್ವ, ಕಿನ್ನರರೊಡನೆ ಎಂಟು ಬಗೆಯ ವ್ಯಂತರರಲ್ಲಿ ಸೇರುತ್ತಾರೆ. ಇವರೂ ಕರ್ಮಬದ್ಧ ಜೀವಿಗಳೇ. ಆಯುಷ್ಯ ತೀರಿದೊಡನೆ ಬೇರೆ ಗತಿಯನ್ನು ಪಡೆಯತಕ್ಕವರು. ಶಾಶ್ವತವಾಗಿ ರಾಕ್ಷಸನಾಗಿ ಉಳಿಯುವ ಜೀವವೇ ಇಲ್ಲ.

ಕಥಾಸಾಹಿತ್ಯದಲ್ಲಿ ಈ ವಿವೇಕ ಇನ್ನಷ್ಟು ಸ್ಪಷ್ಟವಾಗಿದೆ. ವಿಮಲಸೂರಿಯ ‘ಪಉಮಚರಿಯ’ದಲ್ಲಿ ರಾಕ್ಷಸರೆಂಬುದು ವಿದ್ಯಾಧರರ ಒಂದು ವಂಶದ ಹೆಸರು. ಕೊರಳಹಾರದ ರತ್ನಗಳಲ್ಲಿ ಮುಖ ಪ್ರತಿಬಿಂಬಿಸಿದುದರಿಂದ ರಾವಣನು ದಶಮುಖನೆನಿಸಿದನು. ಕನ್ನಡದಲ್ಲಿ ನಾಗಚಂದ್ರನು ‘ರಾಮಚಂದ್ರಚರಿತಪುರಾಣ’ದಲ್ಲಿ ಚಿತ್ರಿಸಿದ ರಾವಣನು ಉದಾತ್ತನಾಗಿದ್ದೂ ಮೋಹದಿಂದ ಜಾರಿ, ಕಡೆಗೆ ಪಶ್ಚಾತ್ತಾಪಪಡುವ ಮನುಷ್ಯ. ಅವನ ಪತನಕ್ಕೆ ಹುಟ್ಟು ಕಾರಣವಲ್ಲ, ಕಷಾಯವೇ ಕಾರಣ.

ಈ ವಿಚಾರವನ್ನು ತುದಿಮುಟ್ಟಿಸಿದವನು ಜನ್ನನೇ. 1209ರ ‘ಯಶೋಧರಚರಿತೆ’ಯಲ್ಲಿ ಯಶೋಧರನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು, ಜೀವವಧೆಗೆ ಹೇಸಿ, ಹಿಟ್ಟಿನ ಕೋಳಿಯನ್ನು ದೇವಿಗೆ ಬಲಿಕೊಡುತ್ತಾನೆ. ಆ ಹಿಟ್ಟಿನ ಕೋಳಿಯಲ್ಲಿ ಬೆಂತರವೊಂದು ಹೊಕ್ಕಿರುತ್ತದೆ. ಕತ್ತಿ ತಾಕಿದೊಡನೆ ಅದು ಕೂಗುತ್ತದೆ. ಬೆಂತರವೆಂದರೆ ವ್ಯಂತರವೇ. ಆದರೆ ತಾಯಿಮಕ್ಕಳನ್ನು ನಾಯಿ, ನವಿಲು ಮೊದಲಾದ ಜನ್ಮಗಳಲ್ಲಿ ತೊಳಲಿಸಿದುದು ಆ ಬೆಂತರವಲ್ಲ, ಕೊಲ್ಲುವೆನೆಂಬ ಅವರ ಸಂಕಲ್ಪ. ಹೊರಗಿನ ಭೂತಕ್ಕಿಂತ ಒಳಗಿನ ಹಿಂಸೆ ಘೋರವೆಂಬುದೇ ಕವಿಯ ತೀರ್ಪು.

ಅಜ್ಜಂಪುರ, ಕಡೂರುಗಳ ಬಯಲುಸೀಮೆಗೂ ಮಾರಿಯ ಭಯ, ಹರಕೆಯ ಕೋಳಿ ಅಪರಿಚಿತವಲ್ಲ. ಕರ್ನಾಟಕದಲ್ಲಿ ಪ್ರಾಣಿಬಲಿ ನಿಷೇಧದ ಕಾಯಿದೆ 1959ರಲ್ಲಿಯೇ ಬಂದಿತು. ಆದರೆ ಕಾಯಿದೆಯು ಕೈಯನ್ನು ತಡೆಯಬಲ್ಲುದೇ ಹೊರತು ಸಂಕಲ್ಪವನ್ನಲ್ಲ. ಸಂಕಲ್ಪವನ್ನು ಗೆದ್ದವರ ಸ್ಮರಣೆಯೂ ಈ ಸೀಮೆಯಲ್ಲಿಯೇ ಇದೆ. ಗಂಗ ಬೂತುಗನ ಅಕ್ಕ ಪಾಂಬಬ್ಬೆಯು ಅರಮನೆಯ ಸುಖವನ್ನು ತೊರೆದು, ಕೇಶಲೋಚ ಮಾಡಿಕೊಂಡು, ಮೂವತ್ತು ವರ್ಷ ತಪಸ್ಸನ್ನಾಚರಿಸಿದಳೆಂದು ಕಡೂರಿನ 971ರ ಶಾಸನವು ಸಾರುತ್ತದೆ. ಆಕೆ ಗೆದ್ದುದು ಲಂಕೆಯ ರಾಕ್ಷಸರನ್ನಲ್ಲ, ತನ್ನೊಳಗಿನ ಕಷಾಯಗಳನ್ನು.

ಅನ್ಯರನ್ನು ರಾಕ್ಷಸರೆಂದು ಕರೆಯುವುದು ಸುಲಭ. ಹಾಗೆ ಕರೆದಮೇಲೆ ಅವರ ವಧೆಯೂ ಧರ್ಮವೆಂಬಂತೆ ತೋರತೊಡಗುತ್ತದೆ. ಕ್ರೋಧ, ಮಾನ, ಮಾಯೆ, ಲೋಭಗಳಿಗೆ ಎಡೆಗೊಟ್ಟ ಮನಸ್ಸೇ ರಾಕ್ಷಸನ ತವರೆಂದು ಅರಿತವನು ಕತ್ತಿಯನ್ನು ಕೆಳಗಿಡುತ್ತಾನೆ.