ಬಂಗಾರದ ಮನುಷ್ಯ, ಬೆಂಗಾಡಿನ ರೈತ

ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದಿಂದ ಚಳ್ಳಕೆರೆಯತ್ತ ಸಾಗಿದರೆ ಕಾಣುವುದು ಮಳೆಯನ್ನೇ ನಂಬಿದ ಶೇಂಗಾ ಹೊಲಗಳು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಕಾಣುವ ಸೀಮೆಗಳಲ್ಲಿ ಇದೂ ಒಂದು. ಇಲ್ಲಿಯ ರೈತನು ಮುಗಿಲು ನೋಡಿ ಸಾಲ ಮಾಡುತ್ತಾನೆ. ಮುಗಿಲು ನೋಡಿಯೇ ಗುಳೆ ಹೊರಡುತ್ತಾನೆ. ನಮ್ಮ ಬೆಳ್ಳಿತೆರೆಯೂ ರಾಜಕಾರಣವೂ ಅರ್ಧ ಶತಮಾನದಿಂದ ‘ಅನ್ನದಾತ’ನೆಂದು ಕೊಂಡಾಡುತ್ತ ಬಂದಿರುವುದು ಇವನನ್ನೇ ಏನು?

1972ರಲ್ಲಿ ಸಿದ್ದಲಿಂಗಯ್ಯನವರ ‘ಬಂಗಾರದ ಮನುಷ್ಯ’ ತೆರೆಕಂಡಿತು. ಡಾ. ರಾಜ್‌ಕುಮಾರ್ ಅಭಿನಯಿಸಿದ ರಾಜೀವನು ಬರಡು ನೆಲವನ್ನು ಹಸನುಗೊಳಿಸಿದನು. ಓದಿದ ಯುವಕರಲ್ಲಿ ಬೇಸಾಯದ ಬಗೆಗೆ ಗೌರವ ಮೂಡಿಸಿದ್ದು ಆ ಚಿತ್ರದ ಹಿರಿಮೆ. ಆದರೆ ದುಡಿದರೆ ನೆಲ ಬಂಗಾರವಾದೀತೆಂಬ ನಂಬಿಕೆಯ ನೆರಳಿನಲ್ಲಿ, ದುಡಿದೂ ಸೋತವನು ಸೋಮಾರಿಯಂತೆ ಕಾಣತೊಡಗಿದನು.

1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿಯು ಉಳುವ ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿಸಿತು. ಗೇಣಿಯ ಹಕ್ಕೂ ಇಲ್ಲದ ಕೂಲಿಯಾಳು ಬಹುಮಟ್ಟಿಗೆ ಹೊರಗೇ ಉಳಿದನು. ಮರುವರ್ಷವೇ ಅಂಥವನೊಬ್ಬನ ಮುಖವನ್ನು ಬಿ.ವಿ. ಕಾರಂತರ ‘ಚೋಮನ ದುಡಿ’ ತೆರೆಗೆ ತಂದಿತು. ರಾಷ್ಟ್ರದ ಸ್ವರ್ಣಕಮಲವೂ ಅದಕ್ಕೆ ಸಂದಿತು. ಆದರೂ ಜನರ ಮನದಲ್ಲಿ ರೈತನೆಂದರೆ ರಾಜೀವನೇ ಆದನು.

ರಾಜಕಾರಣದ ಕಥೆಯೂ ಬೇರೆಯಲ್ಲ. 1980ರ ಜುಲೈಯಲ್ಲಿ ನರಗುಂದ, ನವಲಗುಂದಗಳ ರೈತರು ನೀರಾವರಿ ಕರದ ವಿರುದ್ಧ ಎದ್ದು ನಿಂತಾಗ ಗೋಲಿಬಾರು ನಡೆದು ಪ್ರಾಣಗಳು ಹೋದವು. ಆ ಕಾಲದಲ್ಲಿ ರೂಪುಗೊಂಡ ರಾಜ್ಯ ರೈತ ಸಂಘದ ಹಸಿರು ಶಾಲು ಸ್ವಾಭಿಮಾನದ ಗುರುತಾಯಿತು. ಕಾಲಕ್ರಮದಲ್ಲಿ ಅದೇ ಶಾಲು ಎಲ್ಲ ಪಕ್ಷಗಳ ವೇದಿಕೆಗಳನ್ನೂ ಏರಿತು. 2008ರಲ್ಲಿ ಮುಖ್ಯಮಂತ್ರಿಯ ಪ್ರಮಾಣವಚನವೇ ರೈತರ ಹೆಸರಿನಲ್ಲಿ ನಡೆಯಿತು. ಹೆಸರು ಮೇಲೇರಿತು, ಬೆಂಗಾಡಿನ ಹೊಲ ಮಾತ್ರ ಮುಗಿಲನ್ನೇ ನೋಡುತ್ತ ಉಳಿಯಿತು.

ಇಲ್ಲಿ ಪರರನ್ನು ದೂರಿ ಕೈತೊಳೆದುಕೊಳ್ಳುವಂತಿಲ್ಲ. ಶಿವರಾಮ ಕಾರಂತರ ಮೂಲ ಕಾದಂಬರಿಯಲ್ಲಿ, ಮತ ಬದಲಿಸಿದರೆ ಭೂಮಿ ದೊರೆತೀತೆಂಬ ಆಸೆ ಚೋಮನ ಮುಂದೆ ಬರುತ್ತದೆ. ಕ್ರೈಸ್ತರಾದ ನಮಗೆ ಆ ಪುಟ ಮುಜುಗರ ತರುವಂಥದ್ದು. ಸಿನಿಮಾಕ್ಕೆ ರೈತನು ನಾಯಕ, ರಾಜಕಾರಣಕ್ಕೆ ಮತ. ನಮ್ಮ ಧರ್ಮಸಭೆಗೆ ಅವನು ಬರಿಯ ಒಂದು ಎಣಿಕೆಯಾಗಿದ್ದನೇ?

ಬಿತ್ತುವವನ ಸಾಮತಿಯನ್ನು ಹೇಳಿದ ಪ್ರಭು ಯೇಸು ರೈತನನ್ನು ಹೊಗಳಲಿಲ್ಲ, ಅವನಿಗೆ ಶಾಲು ಹೊದಿಸಲಿಲ್ಲ. ದಾರಿಯ ಬದಿ, ಕಲ್ಲುನೆಲ, ಮುಳ್ಳುಪೊದೆ, ಹದವಾದ ಮಣ್ಣು ಇವೆಲ್ಲವನ್ನೂ ಕಣ್ಣಿಟ್ಟು ನೋಡಿದ್ದರು. ಬಿತ್ತಿದ್ದೆಲ್ಲವೂ ಫಲ ಕೊಡದು ಎಂಬುದನ್ನು ಬಲ್ಲವರಾಗಿದ್ದರು. ಸುಗ್ಗಿಯ ಹಬ್ಬದಲ್ಲಿ ಹೊಸ ತೆನೆಯನ್ನು ಪೀಠಕ್ಕೆ ತರುವ ನಾವು, ಈ ಸಲ ತೆನೆಯೇ ಕಾಣದ ಮನೆಯ ಬಾಗಿಲಿಗೂ ಹೋಗಿ ಬರೋಣ.